ಹಳೇ ಬೈಕಿನ ರಿಪೇರಿ: ತುಕ್ಕು ಹಿಡಿದ ಟ್ಯಾಂಕನ್ನು ಯಾವಾಗ, ಹೇಗೆ ತೊಳೆಯಬೇಕು

ಹಳೇ ಬೈಕೊಂದು ಕೈಗೆ ಬಂದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ ಒಂದೇ. ಟ್ಯಾಂಕಿನ ಮುಚ್ಚಳ ತೆಗೆದು, ಮೊಬೈಲ್ ಟಾರ್ಚ್ ಹಾಕಿ ಒಳಗೆ ಇಣುಕುವುದು. ಒಳಗೆಲ್ಲ ಕೆಂಪು. ಹಳಸಿದ ಪೆಟ್ರೋಲಿನ ಘಾಟು ಮೂಗಿಗೆ ಬಡಿಯುತ್ತದೆ. ಇವತ್ತೇ ಇದನ್ನು ತೊಳೆದುಬಿಡೋಣ ಅಂತ ಕೈ ತುರಿಸುತ್ತದೆ.

ಸ್ವಲ್ಪ ತಡೆಯಿರಿ. ನನ್ನ ಮೊದಲ ಬೈಕಿನಲ್ಲಿ ನಾನು ಮಾಡಿದ ತಪ್ಪು ಇದೇ. ಎರಡು ದಿನ ಒದ್ದಾಡಿ, ಟ್ಯಾಂಕಿನ ಒಳಭಾಗ ಬೆಳ್ಳಿ ಪಾತ್ರೆಯ ಹಾಗೆ ಹೊಳೆಯುವಂತೆ ಮಾಡಿದೆ. ಖುಷಿಯಿಂದ ಅಟ್ಟಕ್ಕೆ ಏರಿಸಿದೆ. ಇಂಜಿನ್ ಕೆಲಸ ಮುಗಿಯುವಷ್ಟರಲ್ಲಿ ಎಂಟು ತಿಂಗಳಾಗಿತ್ತು. ಕೆಳಗಿಳಿಸಿ ನೋಡಿದರೆ ಮತ್ತೆ ಅದೇ ಕೆಂಪು. ತುಕ್ಕು ತೆಗೆದ ಕಬ್ಬಿಣ ಅಂದರೆ ಮೈಮೇಲೆ ಬಟ್ಟೆ ಇಲ್ಲದ ಕಬ್ಬಿಣ. ಗಾಳಿಯಲ್ಲಿರುವ ತೇವವೇ ಅದಕ್ಕೆ ಸಾಕು.

ಆದ್ದರಿಂದ ಟ್ಯಾಂಕನ್ನು ತೊಳೆದ ದಿನವೇ ಅದಕ್ಕೆ ಪೆಟ್ರೋಲ್ ತುಂಬುವ ಸ್ಥಿತಿ ಇರಬೇಕು. ಸದ್ಯಕ್ಕೆ ಅದರಲ್ಲಿ ಉಳಿದಿರುವ ಪೆಟ್ರೋಲ್ ಖಾಲಿ ಮಾಡಿ, ಟ್ಯಾಂಕ್ ಬಿಚ್ಚಿ ಬದಿಗಿಡಿ. ಮೊದಲು ಬೈಕು.

ಸ್ಪ್ಯಾನರ್ ಹಿಡಿಯುವ ಮೊದಲು

ಚಾಸಿಸ್ ನಂಬರ್ ಮತ್ತು ಇಂಜಿನ್ ನಂಬರ್ ಎರಡನ್ನೂ ಉಜ್ಜಿ, ಓದಿ, ಕಾಗದಪತ್ರದ ಜೊತೆ ಹೋಲಿಸಿ. ಹೊಂದಿಕೆ ಆಗದಿದ್ದರೆ ಆ ತೊಡಕನ್ನು ಮೊದಲು ಬಿಡಿಸಿಕೊಳ್ಳಿ. ಎಲ್ಲ ರಿಪೇರಿ ಮುಗಿದ ಮೇಲೆ ಗೊತ್ತಾದರೆ ತಲೆ ಚಚ್ಚಿಕೊಳ್ಳಬೇಕಾಗುತ್ತದೆ.

ಆಮೇಲೆ ಫೋಟೋ. ಬಿಚ್ಚುವ ಪ್ರತಿ ಭಾಗಕ್ಕೂ, ಎರಡು ಮೂರು ಕೋನದಿಂದ. ಕೇಬಲ್ ಯಾವ ಕಡೆಯಿಂದ ಹೋಗಿತ್ತು, ವಾಷರ್ ಒಳಗಿತ್ತೋ ಹೊರಗಿತ್ತೋ, ಇಂಥವು ನೆನಪಿನಲ್ಲಿ ಒಂದು ವಾರ ಕೂಡ ಉಳಿಯುವುದಿಲ್ಲ. ನಟ್ಟು ಬೋಲ್ಟುಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ಭಾಗಕ್ಕೊಂದು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಹೆಸರು.

ಹಳೇ ಬಣ್ಣದ ವಿಷಯದಲ್ಲಿ ಆತುರ ಬೇಡ. ಬಣ್ಣ ಮಾಸಿದೆ, ಅಲ್ಲಲ್ಲಿ ಗೀರಿದೆ, ಆದರೂ ಕಾರ್ಖಾನೆಯಿಂದ ಬಂದದ್ದೇ ಅಂತಾದರೆ ಉಳಿಸಿಕೊಳ್ಳಿ ಅಂತಲೇ ನನ್ನ ಮಾತು. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು. ಕೆರೆದು ಹಾಕಿದ ಹಳೇದು ವಾಪಸ್ ಬರುವುದಿಲ್ಲ.

ಬಿಚ್ಚುವಾಗ ಸರಿಯಾದ ಸಾಮಾನು ಇರಲಿ. ಹಳೇ ಬ್ರಿಟಿಷ್ ಬೈಕುಗಳ ಬೋಲ್ಟುಗಳಿಗೆ ಆ ಕಾಲದ ಬ್ರಿಟಿಷ್ ಅಳತೆಯಾದ ವಿಟ್‌ವರ್ತ್ ಸ್ಪ್ಯಾನರೇ ಬೇಕು. ಅದರಲ್ಲಿ ಬರೆದಿರುವ ಅಳತೆ ಬೋಲ್ಟಿನ ಥ್ರೆಡ್ಡಿನದ್ದು, ತಲೆಯ ಅಗಲದ್ದಲ್ಲ. ಹತ್ತಿರದ ಅಳತೆಯ ಮೆಟ್ರಿಕ್ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಮೂಲೆಗಳು ಸವೆದು ಬೋಲ್ಟ್ ಉರುಟಾಗುತ್ತದೆ. ಜಪಾನಿ ಬೈಕುಗಳ ಸ್ಕ್ರೂ ನೋಡಲು ಮಾಮೂಲಿ ಸ್ಟಾರ್ ಸ್ಕ್ರೂ ಥರವೇ ಇರುತ್ತದೆ. ಆದರೆ ಅದರ ತೋಡಿನ ಆಕಾರ ಬೇರೆ. ಅದಕ್ಕೆ ಜೆಐಎಸ್ ಅಂತ ಬರೆದ ಸ್ಕ್ರೂ ಡ್ರೈವರ್ ಸಿಗುತ್ತದೆ, ಅದನ್ನೇ ಬಳಸಿ. ಬಿಗಿದು ಕೂತ ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಬಿಡಿ. ಬೆಳಿಗ್ಗೆ ಮೊದಲು ಸ್ವಲ್ಪ ಬಿಗಿ ಮಾಡುವ ಕಡೆಗೆ ತಿರುಗಿಸಿ, ಆಮೇಲೆ ಸಡಿಲಿಸಿ. ಸುಮ್ನೆ ಬಲ ಹಾಕಿದರೆ ಬೋಲ್ಟ್ ಮುರಿದು ಒಳಗೇ ಉಳಿಯುತ್ತದೆ.

ಜಾಮ್ ಆದ ಇಂಜಿನ್

ಕಿಕ್ಕರ್ ಇಳಿಯದಿದ್ದರೆ ಅದರ ಮೇಲೆ ಹತ್ತಿ ನಿಲ್ಲಬೇಡಿ. ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ. ಫೋರ್ ಸ್ಟ್ರೋಕ್ ಆದರೆ ವಾಲ್ವ್ ಕೂಡ ತೆರೆದೇ ಸಿಕ್ಕಿಬಿದ್ದಿರಬಹುದು. ಒತ್ತಾಯ ಮಾಡಿದರೆ ಏನಾದರೂ ಬಾಗುತ್ತದೆ ಇಲ್ಲವೇ ಮುರಿಯುತ್ತದೆ.

ಸ್ಪಾರ್ಕ್ ಪ್ಲಗ್ ತೆಗೆದು, ಆ ತೂತಿನಿಂದ ಎರಡು ಮೂರು ಚಮಚ ತುಕ್ಕು ಸಡಿಲಿಸುವ ಎಣ್ಣೆ ಬಿಡಿ. ಇಂಜಿನ್ ಆಯಿಲ್ ಮತ್ತು ಡೀಸೆಲ್ ಬೆರೆಸಿದ್ದೂ ಆಗುತ್ತದೆ. ತೂತಿಗೆ ಬಟ್ಟೆ ತುರುಕಿ ಮೂರು ನಾಲ್ಕು ದಿನ ಮರೆತುಬಿಡಿ. ಮತ್ತೆ ಸ್ವಲ್ಪ ಬಿಡಿ. ಆಮೇಲೆ ಟಾಪ್ ಗೇರ್ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲೇ ಮುಂದೆ ಹಿಂದೆ ಅಲ್ಲಾಡಿಸಿ. ಒಂದು ಕೂದಲಷ್ಟು ಅಲುಗಿದರೂ ಅರ್ಧ ಗೆದ್ದ ಹಾಗೆ. ವಾರಗಟ್ಟಲೆ ಮಾಡಿದರೂ ಜಗ್ಗದಿದ್ದರೆ ಹೆಡ್, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳ ಭಾಗ, ಬಿಚ್ಚುವುದೊಂದೇ ದಾರಿ.

ಬಿಡಿಸಿಕೊಂಡ ಮೇಲೂ ನೇರ ಸ್ಟಾರ್ಟ್ ಮಾಡಬೇಡಿ. ಹಳೇ ಆಯಿಲ್ ಇಳಿಸಿ ನೋಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ. ಹೊಳೆಯುವ ಲೋಹದ ಚೂರುಗಳಿದ್ದರೆ ಒಳಗೆ ಏನೋ ಸವೆದಿದೆ, ಇಂಜಿನ್ ಬಿಚ್ಚಿಸಲೇಬೇಕು.

ಸ್ಪಾರ್ಕ್ ಬರದಿದ್ದರೆ ಕಾಯಿಲ್ ಸತ್ತಿದೆ ಅಂತ ಕೂಡಲೇ ತೀರ್ಮಾನಿಸಬೇಡಿ. ಹಳೇ ಬೈಕಿನಲ್ಲಿ ತುಂಬಾ ಸಲ ತಪ್ಪು ಪಾಯಿಂಟಿನಲ್ಲೇ, ಅಂದರೆ ಸ್ಪಾರ್ಕಿಗಾಗಿ ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್ಚಿನಲ್ಲೇ ಇರುತ್ತದೆ. ವರ್ಷಗಟ್ಟಲೆ ನಿಂತಾಗ ಪಾಯಿಂಟಿನ ಮುಖಕ್ಕೆ ತೆಳ್ಳಗೆ ಪೊರೆ ಕಟ್ಟುತ್ತದೆ. ನಯವಾದ ಎಮರಿ ಕಾಗದದಿಂದ ಒಮ್ಮೆ ಉಜ್ಜಿ, ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ, ಫೀಲರ್ ಗೇಜ್ (ಸಂದಿ ಅಳೆಯುವ ತೆಳ್ಳನೆಯ ತಗಡು) ಇಟ್ಟು ಅಂತರ ನೋಡಿ. ಹೆಚ್ಚಿನ ಬೈಕುಗಳಲ್ಲಿ ಇದು 0.35ರಿಂದ 0.40 ಮಿಲಿಮೀಟರ್ ಆಸುಪಾಸು ಇರುತ್ತದೆ. ನಿಮ್ಮ ಬೈಕಿನ ಪುಸ್ತಕ ಸಿಕ್ಕರೆ ಅದು ಹೇಳಿದ್ದೇ ಅಂತಿಮ.

ಕಾರ್ಬ್ಯುರೇಟರ್ ಬಿಚ್ಚಿದಾಗ ಹಳೇ ಪೆಟ್ರೋಲ್ ಒಣಗಿ ಅಂಟಾಗಿ ಕೂತಿರುತ್ತದೆ. ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ತೂತಿನ ಜೆಟ್ಟುಗಳು ಹಿತ್ತಾಳೆಯವು, ಮೆದು. ಸೂಜಿ, ತಂತಿ ಹಾಕಿ ತಿವಿದರೆ ತೂತು ದೊಡ್ಡದಾಗಿ ಅಳತೆಯೇ ಕೆಡುತ್ತದೆ. ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸಿ, ಗಾಳಿ ಊದಿ. ಅದಕ್ಕೂ ಬಗ್ಗದಿದ್ದರೆ ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರ ತೂರಿಸಿ. ಪೆಟ್ರೋಲಿನ ಮೇಲೆ ತೇಲುತ್ತಾ ಅದರ ಮಟ್ಟ ಕಾಯುವ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ. ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ಅದು ತೂತಾಗಿದೆ.

ಬ್ರೇಕು, ಟೈರು, ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೈರಿನಲ್ಲಿ ಗೆರೆ ಎಷ್ಟೇ ಚೆನ್ನಾಗಿರಲಿ, ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿ ಓದಿ. 2308 ಅಂತಿದ್ದರೆ 2008ನೇ ಇಸವಿಯ 23ನೇ ವಾರದಲ್ಲಿ ಆದದ್ದು. ಮೂರೇ ಅಂಕಿ ಇದ್ದರೆ 2000ಕ್ಕಿಂತ ಹಿಂದಿನದು, ನೋಡುವ ಮಾತೇ ಇಲ್ಲ, ಬದಲಿಸಿ. ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ಮಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೇ ವೈರಿನ ಮೇಲಿನ ರಬ್ಬರ್ ಪುಡಿಯಾಗಿ ಉದುರುತ್ತಿದ್ದರೆ ಇಡೀ ವೈರಿಂಗ್ ಹೊಸದು ಮಾಡಿ, ಬ್ಯಾಟರಿಯ ಹತ್ತಿರ ಒಂದು ಫ್ಯೂಸ್ ಹಾಕಿ.

ಈಗ ಇಂಜಿನ್ ಸ್ಟಾರ್ಟ್ ಮಾಡಿ ನೋಡಬೇಕು, ಆದರೆ ಟ್ಯಾಂಕ್ ಇಲ್ಲದೆ. ಪೆಟ್ರೋಲಿಗೆ ಕರಗದ ಒಂದು ಸಣ್ಣ ಬಾಟಲಿಗೆ ಪೈಪ್ ಸಿಕ್ಕಿಸಿ, ಕಾರ್ಬ್ಯುರೇಟರಿಗಿಂತ ಎತ್ತರದಲ್ಲಿ, ಸೈಲೆನ್ಸರಿನಿಂದ ದೂರಕ್ಕೆ ಕಟ್ಟಿ. ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಆದರೆ ಬಾಟಲಿಗೂ ಬೆರೆಸಿದ್ದನ್ನೇ ಹಾಕಿ. ಇಂಜಿನ್ ಓಡಿತು ಅಂದರೆ ಟ್ಯಾಂಕಿನ ಸರದಿ ಬಂತು. ಓಡಲಿಲ್ಲ ಅಂದರೂ ನಷ್ಟವಿಲ್ಲ. ತೊಳೆಯದ ಟ್ಯಾಂಕು ಇನ್ನಷ್ಟು ದಿನ ಹಾಗೇ ಕಾಯುತ್ತದೆ.

ಈ ಲೆಕ್ಕಕ್ಕೆ ಅಪವಾದ ಒಂದಿದೆ. ಟ್ಯಾಂಕಿಗೆ ಹೊಸ ಬಣ್ಣ ಹೊಡೆಸುವುದಿದ್ದರೆ ತುಕ್ಕು ತೆಗೆಯುವ ಕೆಲಸ ಬಣ್ಣಕ್ಕಿಂತ ಮೊದಲೇ ಆಗಬೇಕು. ಯಾಕೆಂದರೆ ತುಕ್ಕು ತೆಗೆಯಲು ತುಂಬುವ ಆಸಿಡ್ ಚೆಲ್ಲಿದರೆ ಹೊಸ ಬಣ್ಣ ಹಾಳು. ಆಗ ತುಕ್ಕು ತೆಗೆದ ಕೂಡಲೇ ಒಳಗೆ ಎಣ್ಣೆ ಸುತ್ತಾಡಿಸಿ, ತೂತುಗಳನ್ನೆಲ್ಲ ಬಿಗಿಯಾಗಿ ಮುಚ್ಚಿ ಬಣ್ಣಕ್ಕೆ ಕೊಡಿ. ಹೊರಮೈಗೆ ಎಣ್ಣೆ ತಾಗಿದರೆ ಬಣ್ಣ ಹಿಡಿಯುವುದಿಲ್ಲ, ಹುಷಾರು.

ಟ್ಯಾಂಕಿನ ಒಳಗೆ ಏನಾಗಿದೆ?

ಅರ್ಧ ತುಂಬಿದ ಟ್ಯಾಂಕಿನ ಮೇಲಿನ ಅರ್ಧದಲ್ಲಿ ಗಾಳಿ ಇರುತ್ತದೆ. ರಾತ್ರಿ ತಣ್ಣಗಾದಾಗ ಆ ಗಾಳಿಯ ತೇವ ಲೋಹದ ಮೇಲೆ ಬೆವರಿನ ಹಾಗೆ ಕೂರುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಹಾಗಾಗಿ ತಳಕ್ಕೆ ಇಳಿಯುತ್ತದೆ. ಎಥೆನಾಲ್ ಬೆರೆಸಿದ ಪೆಟ್ರೋಲ್ ಆದರೆ ತಾನೇ ನೀರನ್ನು ಹೀರಿಕೊಳ್ಳುತ್ತದೆ. ನೀರು ಜಾಸ್ತಿ ಆದಾಗ ಎಥೆನಾಲ್ ಮತ್ತು ನೀರು ಒಟ್ಟಿಗೆ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತವೆ. ಆದ್ದರಿಂದಲೇ ಮೇಲೆ ಇಣುಕಿದಾಗ ಕಾಣುವ ತುಕ್ಕಿಗಿಂತ, ಕಾಣದ ಎರಡು ತಳದ ಮೂಲೆಗಳು ಮತ್ತು ಬೆಸುಗೆಯ ಅಂಚು ಹೆಚ್ಚು ತಿಂದುಹೋಗಿರುತ್ತವೆ.

ಮೊದಲು ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಉಕ್ಕಿನ ಟ್ಯಾಂಕ್. ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಫೈಬರ್, ಅವಕ್ಕೆ ಕೆಳಗೆ ಹೇಳುವ ಆಸಿಡ್ ಕೆಲಸ ಬೇಡ. ಆಮೇಲೆ ತಳದ ಅಂಚಿನ ಉದ್ದಕ್ಕೂ ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ, ಬೆರಳಿನಿಂದ ಒತ್ತಿ. ಸದ್ದು ಮಂದವಾದ ಕಡೆ, ಲೋಹ ಬಗ್ಗುವ ಕಡೆ ತಗಡು ತೆಳ್ಳಗಾಗಿದೆ. ತುಕ್ಕು ತೆಗೆದಾಗ ಅಲ್ಲಿ ತೂತು ಕಾಣಿಸಿಕೊಳ್ಳಬಹುದು. ಆಸಿಡ್ ಟ್ಯಾಂಕನ್ನೇ ತಿಂದುಹಾಕಿತು ಅಂತ ಜನ ದೂರುತ್ತಾರೆ. ತೂತು ಮೊದಲೇ ಇತ್ತು, ತುಕ್ಕು ಅದನ್ನು ಮುಚ್ಚಿಕೊಂಡಿತ್ತು ಅಷ್ಟೇ.

ಅಪಾಯದ ಮಾತು ಒಂದು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4ರಿಂದ 7.6 ಶೇಕಡಾ ಇದ್ದರೆ ಕಿಡಿ ತಾಗಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಖಾಲಿ ಟ್ಯಾಂಕಿನಲ್ಲಿ ಅಂಥ ಮಿಶ್ರಣ ಸುಲಭವಾಗಿ ಆಗುತ್ತದೆ. ಈ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಕೆಲಸ ಬಯಲಲ್ಲೇ ಆಗಲಿ. ಬೀಡಿ, ಸಿಗರೇಟು, ಗ್ರೈಂಡರ್ ಹತ್ತಿರ ಸುಳಿಯಬಾರದು. ಕೈಗವಸು, ಕನ್ನಡಕ ಹಾಕಿಕೊಳ್ಳಿ. ತುಂಬಾ ಹಳೇ ಟ್ಯಾಂಕಾದರೆ ಸೀಸ ಬೆರೆಸಿದ ಪೆಟ್ರೋಲಿನ ಕಿಟ್ಟವೂ ಇರಬಹುದು. ಅದು ಚರ್ಮದ ಮೂಲಕ ಒಳಗೆ ಹೋಗುತ್ತದೆ. ಇಳಿಸಿದ ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ, ಅಪಾಯಕಾರಿ ಕಸ ತೆಗೆದುಕೊಳ್ಳುವವರಿಗೆ ಕೊಡಿ.

ತೊಳೆಯುವ ಕೆಲಸ

ಪೆಟ್ರೋಲ್ ಕಾಕ್ (ಟ್ಯಾಂಕಿನ ತಳದ ನಲ್ಲಿ), ಮುಚ್ಚಳ, ಪೆಟ್ರೋಲ್ ಅಳೆಯುವ ಫ್ಲೋಟ್ ಇದ್ದರೆ ಅದು, ಎಲ್ಲ ತೆಗೆಯಿರಿ. ಕಾಕನ್ನು ಅಲ್ಲೇ ಬಿಟ್ಟು ಆಸಿಡ್ ತುಂಬಿದರೆ ಅದರ ಲೋಹವೇ ಕರಗುತ್ತದೆ. ತೂತಿಗೆ ಸರಿಹೊಂದುವ ರಬ್ಬರ್ ಬಿರಡೆ ಹಾಕಿ. ಕಾಕ್ ಎರಡು ಬೋಲ್ಟಿನಲ್ಲಿ ಕೂರುವಂಥದ್ದಾದರೆ ದಪ್ಪ ಪ್ಲಾಸ್ಟಿಕ್ ತುಂಡು ಕತ್ತರಿಸಿ, ರಬ್ಬರ್ ಪ್ಯಾಕಿಂಗ್ ಇಟ್ಟು ಬಿಗಿಯಿರಿ. ಮೊದಲು ಬರೀ ನೀರು ತುಂಬಿ ಸೋರುತ್ತದಾ ಅಂತ ನೋಡಿ. ಬಣ್ಣ ಉಳಿಸುವುದಿದ್ದರೆ ಬಾಯಿಯ ಸುತ್ತ ವ್ಯಾಸಲಿನ್ ಬಳಿದು, ಉಳಿದ ಟ್ಯಾಂಕಿಗೆ ಪ್ಲಾಸ್ಟಿಕ್ ಸುತ್ತಿ.

ಹೆಚ್ಚಿನವರು ಬಿಟ್ಟುಬಿಡುವ ಹಂತ ಮುಂದಿನದು. ತುಕ್ಕಿನ ಮೇಲೆ ಒಣಗಿದ ಪೆಟ್ರೋಲಿನ ಜಿಗುಟು ಪದರ ಇರುತ್ತದೆ. ಅದು ಇರುವವರೆಗೆ ಆಸಿಡ್ ತುಕ್ಕನ್ನು ಮುಟ್ಟುವುದೇ ಇಲ್ಲ. ಎರಡು ದಿನ ನೆನೆಸಿದೆ, ಏನೂ ಆಗಲಿಲ್ಲ ಅನ್ನುವವರ ಕಥೆ ಸಾಮಾನ್ಯವಾಗಿ ಇದೇ. ಬಿಸಿನೀರಿಗೆ ಪಾತ್ರೆ ತೊಳೆಯುವ ದ್ರವ ಹಾಕಿ ಕುಲುಕಿ, ಚೆಲ್ಲಿ, ಮತ್ತೆ ಕುಲುಕಿ. ಕಂದು ಬಣ್ಣದ ಗಟ್ಟಿ ಅಂಟು ಇದ್ದರೆ ಅರ್ಧ ಲೀಟರ್ ಅಸಿಟೋನ್ ಹಾಕಿ ಸುತ್ತಾಡಿಸಿ ತೆಗೆಯಿರಿ. ಅದೂ ಪೆಟ್ರೋಲಿನಷ್ಟೇ ಬೇಗ ಹೊತ್ತಿಕೊಳ್ಳುವ ವಸ್ತು, ಬಣ್ಣವನ್ನೂ ಕರಗಿಸುತ್ತದೆ. ಒಳಗೆ ನೀರು ಹನಿಹನಿಯಾಗಿ ನಿಲ್ಲದೆ ತೆಳ್ಳಗೆ ಹರಡಿಕೊಂಡರೆ ಜಿಡ್ಡು ಹೋಗಿದೆ.

ತುಕ್ಕು ಬರೀ ಪುಡಿಯ ಥರ ಇದ್ದರೆ ನೇರ ಆಸಿಡಿಗೆ ಹೋಗಿ. ಹೆಕ್ಕಳಿಕೆ ಎದ್ದಿದ್ದರೆ ಮಾತ್ರ ನಟ್ಟು ಹಾಕಿ ಕುಲುಕಬೇಕು. ಸಣ್ಣ ನಟ್ಟುಗಳು ಒಂದು ಹಿಡಿ, ಸ್ವಲ್ಪ ಸಾಬೂನು ನೀರು, ಟ್ಯಾಂಕಿಗೆ ಕಂಬಳಿ ಸುತ್ತಿ ಎಲ್ಲ ದಿಕ್ಕಿಗೂ ಅಲ್ಲಾಡಿಸುವುದು. ತೋಳು ಬಿದ್ದುಹೋಗುವ ಕೆಲಸ. ಹಾಕುವ ಮೊದಲು ಎಣಿಸಿ. ನಾನು ಒಮ್ಮೆ 20 ಹಾಕಿ 19 ಹೊರತೆಗೆದೆ. ಆ ಇಪ್ಪತ್ತನೆಯದು ತಿರುವು ಬಂದಾಗಲೆಲ್ಲ ಟಣ್ ಅನ್ನುತ್ತಾ ನನ್ನ ಜೊತೆ ಒಂದು ವರ್ಷ ಓಡಾಡಿತು. ನಟ್ಟಿನ ಬದಲು ಒಂದು ತುಂಡು ಸರಪಳಿ ಹಾಕಿ, ತುದಿಗೆ ತಂತಿ ಕಟ್ಟಿ ಹೊರಗೆ ಬಿಟ್ಟರೆ ಈ ತಲೆನೋವಿಲ್ಲ.

ಆಸಿಡ್‌ಗಳಲ್ಲಿ ನನ್ನ ಆಯ್ಕೆ ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು. ಲೀಟರಿಗೆ 50ರಿಂದ 100 ಗ್ರಾಂ. 12 ಲೀಟರ್ ಟ್ಯಾಂಕಿಗೆ 600 ಗ್ರಾಂನಿಂದ 1.2 ಕಿಲೋ ಆಗುತ್ತದೆ. ಬಿಸಿನೀರಲ್ಲಿ ಕರಗಿಸಿ, ಬಾಯಿಯ ತನಕ ತುಂಬಿ. ಅರ್ಧ ತುಂಬಿದರೆ ದ್ರವ ಮುಟ್ಟದ ಭಾಗದ ತುಕ್ಕು ಹಾಗೇ ಉಳಿಯುತ್ತದೆ. ಬಾಯಿ ಬಿಗಿಯಾಗಿ ಮುಚ್ಚಬೇಡಿ, ಜಲಜನಕ ಅನಿಲ ಹುಟ್ಟುತ್ತದೆ, ಅದೂ ಹೊತ್ತಿಕೊಳ್ಳುವಂಥದ್ದು. ಕೆಲವು ಗಂಟೆಗೊಮ್ಮೆ ಟಾರ್ಚ್ ಬಿಟ್ಟು ನೋಡಿ. ಸಾಮಾನ್ಯವಾಗಿ 12ರಿಂದ 24 ಗಂಟೆ ಸಾಕು. ಲೋಹ ಬೂದು ಬಣ್ಣಕ್ಕೆ ಬಂದರೆ ಮುಗಿಯಿತು. ಸುಮ್ನೆ ಇನ್ನೊಂದು ದಿನ ಇರಲಿ ಅಂತ ಬಿಟ್ಟರೆ ಅದು ಒಳ್ಳೇ ಲೋಹವನ್ನು ತಿನ್ನಲು ಶುರುಮಾಡುತ್ತದೆ.

ಬಿಳಿ ವಿನೆಗರ್ ಕೂಡ ಆಗುತ್ತದೆ, ಎರಡು ಮೂರು ದಿನ ಬೇಕು. ಟಾಯ್ಲೆಟ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಬೇಡವೇ ಬೇಡ. ನಿಮಿಷಗಳಲ್ಲಿ ತುಕ್ಕು ತೆಗೆಯುತ್ತದೆ ನಿಜ. ಅದೇ ವೇಗದಲ್ಲಿ ತಗಡನ್ನೂ ತಿನ್ನುತ್ತದೆ. ಅದರ ಹೊಗೆ ಪಕ್ಕದಲ್ಲಿಟ್ಟ ಸಾಮಾನಿಗೂ ತುಕ್ಕು ಹಿಡಿಸುತ್ತದೆ.

ಕರೆಂಟಿನ ದಾರಿಯೂ ಇದೆ. ನೀರಿಗೆ ವಾಷಿಂಗ್ ಸೋಡಾ ಬೆರೆಸಿ ತುಂಬಿ, ಬಾಯಿಯಿಂದ ಒಂದು ಉಕ್ಕಿನ ಸರಳು ಟ್ಯಾಂಕಿಗೆ ತಾಗದಂತೆ ಇಳಿಬಿಟ್ಟು, 12 ವೋಲ್ಟ್ ಬ್ಯಾಟರಿ ಚಾರ್ಜರಿನ ಪ್ಲಸ್ ಸರಳಿಗೆ, ಮೈನಸ್ ಟ್ಯಾಂಕಿಗೆ ಕೊಡುವುದು. ಒಳ್ಳೇ ಲೋಹಕ್ಕೆ ಏಟಿಲ್ಲ ಅನ್ನುವುದು ಇದರ ಗುಣ. ಆದರೆ ಸರಳಿಗೆ ನೇರ ಕಾಣುವ ಜಾಗದಲ್ಲೇ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮೂಲೆ ಮುಡುಕು ಉಳಿದುಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸರಳು ಯಾವ ಕಾರಣಕ್ಕೂ ಹಾಕಬೇಡಿ, ಅದರಿಂದ ವಿಷದ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಇಲ್ಲೂ ಜಲಜನಕ ಬರುತ್ತದೆ. ಸರಳನ್ನು ಮುಟ್ಟುವ ಮೊದಲು ಚಾರ್ಜರ್ ಆಫ್ ಮಾಡಿ.

ಮುಖ್ಯವಾದ ಅರ್ಧ ಗಂಟೆ

ಆಸಿಡ್ ಚೆಲ್ಲುವ ಮೊದಲು ಮುಂದಿನದ್ದೆಲ್ಲ ಕೈಗೆ ಸಿಗುವಂತೆ ಜೋಡಿಸಿಡಿ. ಅಡುಗೆ ಸೋಡಾ ಕರಗಿಸಿದ ನೀರು, ಎರಡು ಬಕೆಟ್ ಬಿಸಿನೀರು, ಹೇರ್ ಡ್ರೈಯರ್, ಟೂ ಸ್ಟ್ರೋಕ್ ಆಯಿಲ್. ಖಾಲಿಯಾದ ಗಳಿಗೆಯಿಂದಲೇ ಒದ್ದೆ ಲೋಹ ಕೆಂಪಾಗಲು ಶುರುವಾಗುತ್ತದೆ. ನಿಮ್ಮ ಕಣ್ಣೆದುರೇ, ನಿಮಿಷಗಳಲ್ಲಿ. ಟೀ ಕುಡಿದು ಬರೋಣ ಅನ್ನುವ ಹೊತ್ತಲ್ಲ ಇದು.

ಚೆಲ್ಲಿದ ಕೂಡಲೇ ಒಮ್ಮೆ ನೀರು ಹಾಕಿ ಕುಲುಕಿ ತೆಗೆಯಿರಿ. ಆಮೇಲೆ ಸೋಡಾ ನೀರು, ಲೀಟರಿಗೆ ಎರಡು ಚಮಚದಷ್ಟು. ಬಾಯಿ ತೆರೆದೇ ಇರಲಿ, ನೊರೆ ಉಕ್ಕುತ್ತದೆ. ಅಂಚುಗಳ ಸಂದಿಯಲ್ಲಿ ಉಳಿದ ಆಸಿಡನ್ನು ಇದು ಕೊಲ್ಲುತ್ತದೆ. ಆಮೇಲೆ ಬಿಸಿನೀರಿನಲ್ಲಿ ಎರಡು ಸಲ. ಬಿಸಿ ಯಾಕೆಂದರೆ ಲೋಹ ಕಾದರೆ ತಾನಾಗಿಯೇ ಬೇಗ ಒಣಗುತ್ತದೆ. ಒಂದು ಲೋಟ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಸುತ್ತಾಡಿಸಿ ಚೆಲ್ಲಿದರೆ ಉಳಿದ ನೀರು ಅದರ ಜೊತೆ ಹೋಗುತ್ತದೆ. ಅದು ಪೂರ್ತಿ ಆವಿಯಾಗಿ ವಾಸನೆ ಹೋದ ಮೇಲಷ್ಟೇ ಹೇರ್ ಡ್ರೈಯರ್. ಒಳಗೆ ಆವಿ ಇರುವಾಗ ಅದನ್ನು ಬಿಟ್ಟರೆ ಬೆಂಕಿಗೆ ಆಹ್ವಾನ ಕೊಟ್ಟ ಹಾಗೆ. ತೆಳ್ಳಗೆ ಕಿತ್ತಳೆ ಛಾಯೆ ಬಂದಿದ್ದರೆ ಹೆದರಬೇಡಿ, ಅಷ್ಟು ನಡೆಯುತ್ತದೆ.

ಒಣಗಿತೇ? ಹಾಗಾದರೆ ಒಂದು ಲೀಟರ್ ಪೆಟ್ರೋಲಿಗೆ ನೂರು ಮಿಲಿಲೀಟರ್ ಟೂ ಸ್ಟ್ರೋಕ್ ಆಯಿಲ್ ಬೆರೆಸಿ, ಟ್ಯಾಂಕನ್ನು ಮಗುಚುತ್ತಾ ಎಲ್ಲ ಕಡೆ ಮುಟ್ಟಿಸಿ, ಹೊರಗೆ ಸುರಿದು, ಹೊಸ ಪೆಟ್ರೋಲ್ ಮೇಲಿನ ತನಕ ತುಂಬಿಸಿ.

ಒಳಗೆ ಬಳಿಯುವ ಎಪಾಕ್ಸಿ ಲೇಪದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಸೂಜಿಮೊನೆಯಂಥ ತೂತುಗಳಿದ್ದರೆ ಬಳಸಿ, ಇಲ್ಲದಿದ್ದರೆ ಬೇಡ ಅನ್ನುತ್ತೇನೆ. ಒಂದು ಚೂರು ಜಿಡ್ಡು ಅಥವಾ ತೇವ ಉಳಿದಿದ್ದರೂ ಲೇಪ ಕೆಲವು ವರ್ಷದಲ್ಲಿ ಸಿಪ್ಪೆಯಾಗಿ ಏಳುತ್ತದೆ. ಆ ಸಿಪ್ಪೆ ಕಾಕಿಗೆ ಅಡ್ಡ ಕೂರುತ್ತದೆ. ಬಿದ್ದ ಲೇಪವನ್ನು ಕೆರೆದು ತೆಗೆಯುವುದಕ್ಕಿಂತ ತುಕ್ಕು ತೆಗೆಯುವುದೇ ಸುಲಭ. ಬಳಿಯುವುದಾದರೆ ಎಥೆನಾಲ್ ತಡೆಯುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರಬೇಕು. ದೊಡ್ಡ ತೂತಿಗೆ ವೆಲ್ಡಿಂಗ್ ಬೇಕೇ ಬೇಕು. ಅದನ್ನು ಪೆಟ್ರೋಲ್ ಟ್ಯಾಂಕ್ ಬೆಸೆದು ಅಭ್ಯಾಸ ಇರುವವರಿಗೇ ಕೊಡಿ, ನೀವು ಕೈ ಹಾಕಬೇಡಿ.

ಮತ್ತೆ ಜೋಡಿಸುವಾಗ

ಕಾಕ್ ಬಿಚ್ಚಿ, ಜಾಲರಿ ತೊಳೆದು, ಹಳೇ ಪ್ಯಾಕಿಂಗ್ ಎಸೆದು ಹೊಸದು ಹಾಕಿ. ಕಾಕಿನ ಒಳಗೆ ಮೇಲೆ ನಿಂತಿರುವ ಕೊಳವೆ ಮುರಿದಿದ್ದರೆ ರಿಸರ್ವ್ ಅನ್ನುವುದೇ ಇರುವುದಿಲ್ಲ, ಒಂದು ದಿನ ರಸ್ತೆ ಮಧ್ಯೆ ಗೊತ್ತಾಗುತ್ತದೆ. ಮುಚ್ಚಳದಲ್ಲಿ ಗಾಳಿಗೆ ಒಂದು ಸಣ್ಣ ತೂತಿರುತ್ತದೆ. ಅದು ಕಟ್ಟಿಕೊಂಡಿದ್ದರೆ ಬೈಕು ಸ್ವಲ್ಪ ದೂರ ಚೆನ್ನಾಗಿ ಓಡಿ ನಿಲ್ಲುತ್ತದೆ, ಮುಚ್ಚಳ ತೆಗೆದ ಕೂಡಲೇ ಮತ್ತೆ ಸ್ಟಾರ್ಟ್ ಆಗುತ್ತದೆ. ಇದಕ್ಕಾಗಿ ಕಾರ್ಬ್ಯುರೇಟರನ್ನು ಮೂರು ಸಲ ಬಿಚ್ಚಿದವರನ್ನು ನೋಡಿದ್ದೇನೆ.

ಕಾಕಿಗೂ ಕಾರ್ಬ್ಯುರೇಟರಿಗೂ ನಡುವೆ ಪಾರದರ್ಶಕ ಫಿಲ್ಟರ್ ಒಂದನ್ನು ಸಿಕ್ಕಿಸಿ. ಮೊದಲ ಕೆಲವು ಸವಾರಿಗಳಲ್ಲಿ ಅದರಲ್ಲಿ ಕೆಂಪು ಪುಡಿ ಸೇರುವುದು ಸಹಜ. ಬದಲಿಸುತ್ತಾ ಹೋಗಿ. ನಾಲ್ಕನೇ ಫಿಲ್ಟರಿನಲ್ಲೂ ಪುಡಿ ಬರುತ್ತಿದ್ದರೆ ತಳದ ಮೂಲೆಯಲ್ಲಿ ಎಲ್ಲೋ ತುಕ್ಕು ಉಳಿದಿದೆ, ಸಿಟ್ರಿಕ್ ಆಸಿಡ್ ಮತ್ತೊಂದು ಸಲ ಕರಗಿಸಬೇಕು. ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕ್ ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ ಎಣ್ಣೆ ಸುತ್ತಾಡಿಸಿ ಇಡಿ. ಅರ್ಧ ತುಂಬಿಸಿ ಮಾತ್ರ ಬಿಡಬೇಡಿ.